ಮೂರು ಗಾಡಿಗಳಲ್ಲಿ ಸಿಕ್ಕ ಹಳದಿ ಟೇಪು

ಮೂರನೆಯ ಗಾಡಿಯಲ್ಲೂ ಹಳದಿ ಟೇಪು ಸಿಕ್ಕಾಗ ನನಗೆ ಆದದ್ದು ಸಮಾಧಾನ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹದಿನೈದು ದಿನಗಳಿಂದ ಬಸ್ಸಿನಲ್ಲಿ ಊರೂರು ಸುತ್ತಿ, ಸುಟ್ಟ ರಬ್ಬರಿನ ವಾಸನೆಯನ್ನು ಕೂದಲಿಗೆಲ್ಲ ಹತ್ತಿಸಿಕೊಂಡು, ಕಾರಣ ಕಾಣದೆ ಒದ್ದಾಡುತ್ತಿದ್ದೆ. ರಾಮದುರ್ಗದ ಆ ಗಾಡಿಯ ಬಾನೆಟ್ಟಿನೊಳಗೆ, ಮಸಿಯ ನಡುವೆ, ಬೆರಳಗಲದ ಹಳದಿ ತುಣುಕು ಕಂಡಿತು. ಹಿಂದಿನ ಎರಡು ಗಾಡಿಗಳಲ್ಲೂ ಹೆಚ್ಚು ಸುಟ್ಟ ಜಾಗದ ಪಕ್ಕದಲ್ಲೇ ಅದು ಇತ್ತು. ಕಾರಣ ಸಿಕ್ಕಿತು ಎಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ್ದ ನಾನು ಬೆಳಗಾವಿಯಲ್ಲಿ ಒಂದು ಕಾರು ಡೀಲರರ ಸರ್ವಿಸ್ ವಿಭಾಗದಲ್ಲಿದ್ದೆ. ಆಗಷ್ಟೇ ಬಂದಿದ್ದ, ಎಂಟು ಜನ ಕೂಡುವ ಒಂದು ಡೀಸೆಲ್ ಗಾಡಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತ ಚೆನ್ನಾಗಿ ಮಾರಾಟವಾಗಿತ್ತು. ಬೇರೆಲ್ಲಿಂದಲೂ ಬಾರದ ದೂರು ಅಲ್ಲಿಂದ ಬರತೊಡಗಿತು. ದೀಪ ಮಂಕಾಗುತ್ತದೆ, ವೈರು ಸುಟ್ಟ ವಾಸನೆ ಬರುತ್ತದೆ, ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತದೆ. ಆಮೇಲೆ ಮೂರು ಗಾಡಿಗಳಿಗೆ ಬೆಂಕಿಯೇ ಹತ್ತಿತು. ಒಂದು ಬೈಲಹೊಂಗಲದ ಹತ್ತಿ ವ್ಯಾಪಾರಿಯದು, ಇನ್ನೊಂದು ಕಿತ್ತೂರಿನ ಬಟ್ಟೆ ಅಂಗಡಿಯವರದು. ಮೂರನೆಯದು ರಾಮದುರ್ಗದ್ದು. ಅದರ ಡ್ರೈವರು ಬರಿಗೈಯಲ್ಲಿ ಬ್ಯಾಟರಿಯ ತಂತಿ ಕೀಳಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಿದ್ದ. ಹೀಗಾಗಿ ಅಲ್ಲಿನ ಪೊಲೀಸರು ಕಂಪನಿಯ ಇಂಜಿನಿಯರರ ವರದಿ ಕೇಳಿದ್ದರು.

ತಂತಿಗಳನ್ನು ಕೂಡಿಸಿದ ಜೋಡಿನ ಮೇಲೆ ಸುತ್ತುವ ಟೇಪು ಅದು. ಹಳದಿ ಟೇಪು ಬೈಲಹೊಂಗಲದ ಒಬ್ಬ ಮಿಸ್ತ್ರಿಯ ಗುರುತು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಆಟೋ ಎಲೆಕ್ಟ್ರಿಕ್ ಅಂಗಡಿ. ವಯಸ್ಸು ಐವತ್ತು ದಾಟಿತ್ತು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಹೊಸ ಗಾಡಿ ಕೊಂಡವರು ಜೋರು ಹಾರ್ನು, ಹೆಚ್ಚಿನ ದೀಪ ಹಾಕಿಸಲು ನಾಲ್ಕೂ ಊರಿನಿಂದ ಅವರಲ್ಲಿಗೇ ಬರುತ್ತಿದ್ದರು. ಎರಡನೆಯ ಗಾಡಿ ನೋಡಿದ ಮೇಲೆ ನಾನು ಅವರನ್ನು ಭೇಟಿಯಾಗಿದ್ದೆ. ಹಳದಿ ಯಾಕೆ ಎಂದು ಕೇಳಿದಾಗ ಅವರು ಕೆಲಸದಿಂದ ತಲೆ ಎತ್ತದೆ ಹೇಳಿದ್ದರು:

"ಕರಿ ಟೇಪ್ ಎಲ್ಲಾರೂ ಸುತ್ತತಾರ್ರಿ ಮೇಡಂ. ನಾಳೆ ಏನರ ಆತಂದ್ರ ಯಾರ ಮಾಡಿದ್ದು ಅಂತ ಗೊತ್ತಾಗೂದುಲ್ಲ. ನನ್ನ ಜೋಡಿಗೆ ಹಳದಿ. ತಪ್ಪ ಕಂಡ್ರ ಸೀದಾ ಬಂದು ನನ್ನ ಹಿಡೀಬಹುದು."

ಅವರ ಮಾತನ್ನೇ ನಾನು ಸಾಕ್ಷಿ ಮಾಡಿಕೊಂಡೆ. ಒಂದೂವರೆ ಪುಟದ ವರದಿ ಬರೆದೆ. ಹೊರಗಿನವರು ಜೋಡಿಸಿದ ತಂತಿಗಳಿಂದ ಬೆಂಕಿ ಹತ್ತಿದೆ, ಮೂರರಲ್ಲೂ ಕೆಲಸ ಒಬ್ಬರದೇ, ಗುರುತು ಹಳದಿ ಟೇಪು. ಕೆಳಗೆ ಸಹಿ ಮಾಡಿದೆ. ನನ್ನ ನೋಟುಪುಸ್ತಕದಲ್ಲಿ ಇನ್ನೊಂದು ಸಾಲಿತ್ತು: "ಹಾರ್ನ್ ಲೈನಿನ ಗಾಜಿನ ಫ್ಯೂಜ್ ಸುಟ್ಟಿಲ್ಲ." ಮೂರು ಗಾಡಿಗಳಲ್ಲಿ ಎರಡರದ್ದು ನೋಡಲು ಸಿಕ್ಕಿತ್ತು, ಎರಡಕ್ಕೂ ಅದೇ ಸಾಲು. ಮಿಸ್ತ್ರಿಯ ತಂತಿಯಲ್ಲಿ ದೋಷವಿದ್ದರೆ ಮೊದಲು ಆ ಫ್ಯೂಜು ಹೋಗಬೇಕಿತ್ತು. ಅದು ವರದಿಗೆ ಬರಲಿಲ್ಲ. ಬೇಕೆಂದು ಬಿಟ್ಟೆನೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇಕೆಂದು ಅಲ್ಲ. ಉತ್ತರ ಕೈಯಲ್ಲಿದ್ದಾಗ ಅದಕ್ಕೆ ಹೊಂದದ ಸಾಲು ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಮ್ಯಾನೇಜರು ಓದಿ, "ಚಲೋ ಕೆಲಸ ಮಾಡೀರಿ. ಕಂಪನಿ ಮ್ಯಾಲೆ ಏನೂ ಬರೂದುಲ್ಲ" ಎಂದರು. ವರದಿಯ ಒಂದು ಪ್ರತಿ ರಾಮದುರ್ಗದ ಪೊಲೀಸರಿಗೆ, ಇನ್ನೊಂದು ಹತ್ತಿ ವ್ಯಾಪಾರಿಯ ಕೈಗೆ ಹೋಯಿತು. ವಾರದೊಳಗೆ ಗಾಡಿಯ ಮಾಲೀಕರು ನಾಲ್ಕೈದು ಜನ ಮಿಸ್ತ್ರಿಯ ಅಂಗಡಿಯ ಮುಂದೆ ಸೇರಿ ಬೋರ್ಡು ಇಳಿಸಿದರಂತೆ. ಟ್ಯಾಕ್ಸಿ ಸ್ಟ್ಯಾಂಡಿನವರು ಕೆಲಸ ಕೊಡುವುದನ್ನು ಬಿಟ್ಟರು. ರಾಮದುರ್ಗದ ಪೊಲೀಸರು ಮಿಸ್ತ್ರಿಯನ್ನು ಎರಡು ಸಲ ಕರೆಸಿ ಕೂಡಿಸಿ ಕಳಿಸಿದರು. ಮುಂದಿನ ಸೋಮವಾರ ನನ್ನ ಅಂತಿಮ ವರದಿ, ಸುಟ್ಟ ತುಣುಕುಗಳ ಸಮೇತ, ಅವರಿಗೆ ತಲುಪಬೇಕಿತ್ತು. ತಲುಪಿದರೆ ಮಿಸ್ತ್ರಿಯ ಮೇಲೆ ಕೇಸು.

ಅದರ ಹಿಂದಿನ ಶನಿವಾರ ನಾನು ಮುರಗೋಡಕ್ಕೆ ಹೋದೆ. ಅಲ್ಲಿಂದ ಬಂದಿದ್ದ ಒಂದು ದೂರನ್ನು ಆಫೀಸಿನಲ್ಲಿ ಬ್ಯಾಟರಿ ದೂರೆಂದು ಬರೆದಿಟ್ಟಿದ್ದರು. ಅದನ್ನೂ ನೋಡಿ ಮುಗಿಸೋಣ ಎಂದು ಹೋದದ್ದು. ಬಸ್ಸು ಬೈಲಹೊಂಗಲದಲ್ಲಿ ನಿಂತಾಗ ಗಲ್ಲಿಯತ್ತ ನೋಡಿದೆ. ಅಂಗಡಿಯ ಬಾಗಿಲು ಹಾಕಿತ್ತು. ಬೋರ್ಡನ್ನು ಅಕ್ಷರ ಕಾಣದಂತೆ ಗೋಡೆಗೆ ಒರಗಿಸಿದ್ದರು.

ಮುರಗೋಡದ ಆ ಮನೆಯ ಯಜಮಾನಿ ಎಪ್ಪತ್ತರ ಹತ್ತಿರದವರು. ಕಬ್ಬು, ಎತ್ತು, ಆಳು, ಗಾಡಿ ಎಲ್ಲವೂ ಅವರ ಮಾತಿನ ಮೇಲೆಯೇ ನಡೆಯುತ್ತಿದ್ದವು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಮಿಸ್ತ್ರಿನ ಕಳಸ್ತೇವಿ ಅಂದಿದ್ರು. ನೀ ಸಾಲಿ ಅಕ್ಕಾರ ಕಂಡಂಗ ಕಾಣಸ್ತಿಯಲ್ಲ ತಂಗಿ?"

"ನಾನ ನೋಡಾಕ ಬಂದೇನ್ರಿ ಅವ್ವಾರ."

"ನೋಡು. ಎರಡ ಸಲ ಹೊಗಿ ಬಂದೈತಿ. ಬ್ಯಾಟರಿ ಬದಲಾಸ್ರಿ ಅಂದ್ರು, ಬದಲಾಸಿದ್ವಿ. ಹೊಗಿಗೇನ ಬ್ಯಾಟರಿ ಹೊಸಾದು ಹಳೇದು ಗೊತ್ತಾಗತೈತೇನು?"

"ಹೊರಗ ಹಾರ್ನು, ಲೈಟು ಏನರ ಹಾಕಿಸೀರೇನ್ರಿ? ಬೈಲಹೊಂಗಲದಾಗ?"

"ನನ್ನ ಗಾಡಿಗೆ ಯಾವ ಮಿಸ್ತ್ರಿನೂ ಕೈ ಹಚ್ಚಿಲ್ಲ. ಕಂಪನಿ ಹಾರ್ನ ಮುಂದಿನವ್ರಿಗೆ ಕೇಳಸ್ತೈತಿ, ಸಾಕು."

ಹೊರಗಿನ ಕೈ ಮುಟ್ಟದ ಗಾಡಿ. ಅದೇ ಹೊಗೆ.

ಗಾಡಿ ಎಲ್ಲಿ ಎಂದೆ. ಹೊಲದ ಪಂಪಿನ ಹತ್ತಿರ ಇದೆ, ಡ್ರೈವರು ತೊಳೆಯುತ್ತಿದ್ದಾನೆ ಎಂದರು. ಮರುದಿನ ಅಮಾವಾಸ್ಯೆ. ಆ ಸೀಮೆಯಲ್ಲಿ ಪ್ರತಿ ಅಮಾವಾಸ್ಯೆಗೂ ಗಾಡಿಯನ್ನು ತೊಳೆದು ಪೂಜೆ ಮಾಡುತ್ತಾರೆ. ನಾನೂ ಅಲ್ಲಿನವಳೇ. ನಮ್ಮ ಮನೆಯ ಸ್ಕೂಟರಿಗೂ ನಿಂಬೆಹಣ್ಣು ಕಟ್ಟುವುದಿತ್ತು. ಆದ್ದರಿಂದಲೇ ಆ ಮಾತು ನನ್ನ ಕಿವಿಯ ಮೇಲೆ ಹಾದುಹೋಗುವುದರಲ್ಲಿತ್ತು. ಆದರೂ ಹೊಲಕ್ಕೆ ನಡೆದೆ.

ಡ್ರೈವರು ಬಾನೆಟ್ ತೆರೆದು, ಬಂಪರಿನ ಮೇಲೆ ನಿಂತಿದ್ದ. ಕೈಯಲ್ಲಿ ಬೋರ್‌ವೆಲ್ಲಿನ ಎರಡಿಂಚಿನ ಪೈಪು. ನೀರು ಇಂಜಿನ್ನಿನ ಮೇಲೆ ಧಾರಾಕಾರವಾಗಿ ಬೀಳುತ್ತಿತ್ತು. ಸಂದಿಸಂದಿಗೆ ಪೈಪು ತಿರುಗಿಸುತ್ತಿದ್ದ.

"ಇಂಜಿನ್ನಿಗೂ ನೀರ ಹಾಕತೀರಾ?" ಎಂದೆ.

ಹಿಂದೆಯೇ ಬಂದಿದ್ದ ಯಜಮಾನಿ ಉತ್ತರಿಸಿದರು. "ಮತ್ತ? ಮಾರಿ ಅಷ್ಟ ತೊಳದು ಎತ್ತಿನ ಪೂಜಿ ಮಾಡತಾರೇನು? ದುಡಿಯೂದು ಇಂಜಿನ್ ಅಲ್ಲೇನ? ಅದಕ್ಕ ಮೊದಲ ಜಳಕ."

"ಪ್ರತಿ ಅಮಾಸಿಗೂ?"

"ಒಂದೂ ತಪ್ಪಿಲ್ರಿ" ಎಂದ ಡ್ರೈವರು, ಹೆಮ್ಮೆಯಿಂದ.

ನೀರು ನಿಲ್ಲಿಸಲು ಹೇಳಿದೆ. ಪೈಪಿನ ಬಾಯಿಗೆ ಬೆರಳು ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ಸವಳು ನೀರು, ಬಾಯಿಗೆ ಇಡಲಾಗದಷ್ಟು ಉಪ್ಪು. ಕಬ್ಬಿಗೆ ನೀರು ನಿಂತೂ ನಿಂತೂ ಆ ಕಡೆಯ ಹಲವು ಹೊಲಗಳು ಸವಳಾಗಿದ್ದವು. ಪೈಪಿನ ಬಾಯಿಗೇ ಬಿಳಿಯ ಪುಡಿ ಹೆಪ್ಪುಗಟ್ಟಿತ್ತು.

ಬ್ಯಾಟರಿಯಿಂದ ಫ್ಯೂಜಿನ ಪೆಟ್ಟಿಗೆಗೆ ಹೋಗುವ ದಪ್ಪ ತಂತಿಗೆ ನಡುವೆ ಒಂದು ಕಪ್ಲರ್ ಇರುತ್ತದೆ. ಎರಡು ತಂತಿಗಳನ್ನು ಕೂಡಿಸುವ, ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಗೂಡು ಅದು. ಗಾಡಿಯ ದೀಪ, ಫ್ಯಾನು, ವೈಪರು, ಎಲ್ಲದರ ಕರೆಂಟೂ ಅದರ ಮೂಲಕವೇ ಹರಿಯಬೇಕು. ಈ ಗಾಡಿಯಲ್ಲಿ ಅದರ ಬಾಯಿ ಮೇಲ್ಮುಖವಾಗಿತ್ತು. ಮೇಲೆ ರಬ್ಬರಿನ ಟೊಪ್ಪಿಗೆ ಇರಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿಸಿ, ಕಪ್ಲರ್ ಎಳೆದೆ. ಬರಲಿಲ್ಲ. ಡ್ರೈವರು ಹಿಡಿದು ಎಳೆದಾಗ ಕಿರ್ರೆಂದು ಬಿಟ್ಟಿತು. ಒಳಗೆ ನೀರು ನಿಂತಿತ್ತು. ಪಿನ್ನುಗಳ ಸುತ್ತ ಹಸಿರು, ಬಿಳಿ ಕಿಟ್ಟ. ಪ್ಲಾಸ್ಟಿಕ್ಕಿನ ಒಂದು ಗೋಡೆ ಕರಗಿ ಬಾಗಿತ್ತು. ಪಿನ್ನಿಗೆ ಕಿಟ್ಟ ಹಿಡಿದರೆ ಕರೆಂಟು ಸಲೀಸಾಗಿ ಹರಿಯದೆ ಅಲ್ಲಿಯೇ ಬಿಸಿಯೇರುತ್ತದೆ.

ನನ್ನ ಕೈಚೀಲದಲ್ಲಿ, ಪಾಲಿಥಿನ್ ಪೊಟ್ಟಣಗಳಲ್ಲಿ, ಮೂರು ಗಾಡಿಗಳ ಸುಟ್ಟ ತುಣುಕುಗಳಿದ್ದವು. ಸೋಮವಾರ ಪೊಲೀಸರಿಗೆ ಕೊಡಬೇಕಾದವು. ಅವುಗಳಲ್ಲಿ ಕಪ್ಲರುಗಳೂ ಇದ್ದವು. ಗಾಡಿಯ ನೆರಳಿನಲ್ಲಿ ಕುಳಿತು ಒಂದೊಂದನ್ನೇ ಬೆಳಕಿಗೆ ಹಿಡಿದೆ. ಮಸಿಯ ಕೆಳಗೆ, ಪಿನ್ನಿನ ಬುಡದಲ್ಲಿ, ಅದೇ ಬಿಳಿ ಹೆಪ್ಪು. ಮೂರರಲ್ಲೂ. ವಾರಗಟ್ಟಲೆಯಿಂದ ಅವು ನನ್ನ ಬಳಿಯೇ ಇದ್ದವು.

"ಏನ ಆತು ತಂಗಿ? ಮಾರಿ ಯಾಕ ಹಂಗಾತು?" ಎಂದರು ಯಜಮಾನಿ.

ಬೈಲಹೊಂಗಲದ ಮಿಸ್ತ್ರಿಯ ಸಂಗತಿ ಹೇಳಿದೆ. ವರದಿ ಬರೆದದ್ದು ನಾನೇ ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. ಸೆರಗು ಸರಿಮಾಡಿಕೊಂಡು ಡ್ರೈವರಿಗೆ ಹೇಳಿದರು:

"ಗಾಡಿ ತಗೊಂಡ ಹೋಗೋ ಇಕಿ ಸಂಗಾಟ. ಏನ ನೋಡೂದೈತಿ, ಆ ಮಿಸ್ತ್ರಿ ಮುಂದ ನೋಡ್ಲಿ. ಇಲ್ಲಿ ಕುಂತ ನೋಡಿದ್ರ ಅವಂಗೇನ ಬಂತು?"

ಕಪ್ಲರಿನ ನೀರು ಹೊರಚೆಲ್ಲಿ ಕೂಡಿಸಿ, ದೀಪ, ಫ್ಯಾನು ಏನೂ ಹಚ್ಚದೆ ಹೊರಟೆವು. ಬೆಂಕಿ ಆರಿಸಲು ಒಂದು ಮೂಟೆ ಮರಳು ಹಿಂದಿನ ಸೀಟಿನಲ್ಲಿತ್ತು. ದಾರಿಯುದ್ದಕ್ಕೂ ನನ್ನ ಕಣ್ಣು ಬಾನೆಟ್ಟಿನ ಅಂಚಿನ ಮೇಲಿತ್ತು. ಎರಡು ಕಡೆ ರಸ್ತೆಯ ಬದಿಯ ಪಂಪುಗಳ ಹತ್ತಿರ ಬಾನೆಟ್ ತೆರೆದ ಗಾಡಿಗಳು ನಿಂತಿದ್ದವು. ಒಂದು ನಮ್ಮ ಕಂಪನಿಯದೇ. ಗಾಡಿ ನಿಲ್ಲಿಸಿ, ಇಂಜಿನ್ನಿಗೆ ನೀರು ಹಾಕಬೇಡಿರೆಂದು ಹೇಳಿದೆ. ಅವರು ನಕ್ಕು ಹೂಂ ಅಂದರು. ನಾವು ಮುಂದೆ ಹೋದ ಮೇಲೆ ಹಾಕಿರಲೂಬಹುದು.

ಮಿಸ್ತ್ರಿಯ ಮನೆ ಅಂಗಡಿಯ ಹಿಂದೆಯೇ. ಕರೆದಾಗ ಹೊರಗೆ ಬಂದು ಹೊಸ್ತಿಲಲ್ಲಿ ನಿಂತರು.

"ಸೋಮವಾರ ಬರ್ತೇನಂತ ಪೊಲೀಸ್ರಿಗೆ ಹೇಳೇನ್ರಿ ಮೇಡಂ. ಓಡಿ ಹೋಗೂದುಲ್ಲ."

"ಅದಕ್ಕಲ್ರಿ. ಅಂಗಡಿ ತಗೀರಿ ಚಾಚಾ. ಒಂದು ಗಾಡಿ ನೋಡೂದೈತಿ."

"ನಿಮ್ಮ ಕಂಪನ್ಯಾಗ ಮಿಸ್ತ್ರಿ ಇಲ್ಲೇನ್ರಿ?"

ನಾನು ಪೊಟ್ಟಣಗಳನ್ನು ಕಟ್ಟೆಯ ಮೇಲೆ ಇಟ್ಟೆ. ಅವರು ಹಳದಿ ಟೇಪಿನ ತುಣುಕುಗಳನ್ನು ದೂರದಿಂದಲೇ ಗುರುತಿಸಿದರು. ಒಳಗೆ ಹೋಗಿ ಬೀಗದ ಕೈ ತಂದರು.

"ನನ್ನ ಜೋಡು ನಾನ ಬಿಚ್ಚತೇನಿ" ಎಂದು ಬ್ಲೇಡಿನಿಂದ ತಮ್ಮದೊಂದು ಸುಟ್ಟ ಜೋಡನ್ನು ಸೀಳಿದರು. ತಂತಿಯ ಮೇಲಿನ ಪ್ಲಾಸ್ಟಿಕ್ ಹೊರಗೆ ಕಪ್ಪಾಗಿ ಬಿಗಿದಿತ್ತು. ಒಳಗಿನ ತಾಮ್ರ ಹೊಸದರಂತೆ ಹೊಳೆಯಿತು. ತಂತಿ ತಾನೇ ಬಿಸಿಯೇರಿದ್ದರೆ ಒಳಗಿನಿಂದ ಸುಡಬೇಕಿತ್ತು. ಇದು ಹೊರಗಿನ ಬೆಂಕಿಯಲ್ಲಿ ಬೆಂದದ್ದು. ಕಾಲೇಜಿನಲ್ಲಿ ಓದಿದ್ದೆ. ಬಿಚ್ಚಿ ನೋಡಿರಲಿಲ್ಲ.

"ಹಾರ್ನಿನ ಕರೆಂಟು ಬ್ಯಾಟರಿಯಿಂದ ನೇರ ತಗೊಂಡೇನಿ, ರಿಲೇ ಹಾಕಿ. ಕಂಪನಿ ಕಪ್ಲರ್ ಮುಟ್ಟೇ ಇಲ್ಲ. ನಡುವ ನಂದೊಂದು ಫ್ಯೂಜ್ ಇತ್ತು. ಅದನ್ನ ನೋಡಿದ್ರೇನ್ರಿ?"

"ನೋಡಿದ್ದೆ."

"ಹೋಗಿತ್ತೇನು?"

"ಇಲ್ಲ."

ಅವರು ಬ್ಲೇಡನ್ನು ಕೆಳಗಿಟ್ಟರು. "ನೋಡಿನೂ ಹಂಗ ಬರದ್ರಿ ಅಂದಂಗಾತು."



ಹಳೆಯ ಲಾರಿಯೊಂದರಿಂದ ಬಿಚ್ಚಿಟ್ಟ ಆಂಪಿಯರ್ ಮೀಟರ್ ಅವರ ಬಳಿ ಇತ್ತು. ಅದನ್ನು ದಪ್ಪ ತಂತಿಗೆ ಜೋಡಿಸಿದರು. ನಾನು ನನ್ನ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಕಪ್ಲರಿನ ಈಚೆ ಆಚೆ ಹಿಡಿದೆ. ಡ್ರೈವರು ದೀಪ, ಫ್ಯಾನು, ವೈಪರು ಎಲ್ಲ ಹಚ್ಚಿದ. ಲಾರಿಯ ಮೀಟರು ಇಪ್ಪತ್ತಕ್ಕೆ ಹೋಗಿ ನಿಂತಿತು. ಸರಿಯಿರುವ ಕಪ್ಲರಿನಲ್ಲಿ ನನ್ನ ಮೀಟರು ಒಂದು ವೋಲ್ಟಿನ ಹತ್ತನೇ ಒಂದು ಪಾಲನ್ನೂ ತೋರಿಸಬಾರದು. ಅದು ಒಂದು ಪಾಯಿಂಟ್ ನಾಲ್ಕು ತೋರಿಸಿತು. ಇಪ್ಪತ್ತರಿಂದ ಗುಣಿಸಿದೆ.

"ಇಪ್ಪತ್ತೆಂಟು ವಾಟ್."

ಮಿಸ್ತ್ರಿ ಗೋಡೆಯ ಮೇಲೆ ತೂಗುಹಾಕಿದ್ದ ಬೆಸುಗೆಯ ಕಡ್ಡಿಯನ್ನು ನೋಡಿದರು. "ನನ್ನ ಸೋಲ್ಡರ್ ಕಡ್ಡಿ ಇಪ್ಪತ್ತೈದರದು. ಅಂದ್ರ ಈ ಪ್ಲಾಸ್ಟಿಕ್ ಒಳಗ ಒಂದ ಸೋಲ್ಡರ್ ಕಡ್ಡಿ ಹಚ್ಚಿ ಇಟ್ಟಂಗ."

ಹೇಳುತ್ತಿದ್ದಂತೆಯೇ ಕಪ್ಲರಿನಿಂದ ಕೂದಲೆಳೆಯಷ್ಟು ಹೊಗೆ ಎದ್ದಿತು. "ಬಂದ್ ಮಾಡೋ!" ಎಂದು ಅವರು ಕೂಗಿ, ಡ್ರೈವರು ಸ್ವಿಚ್ಚು ಮುಟ್ಟುವ ಮೊದಲೇ ಹಸಿ ಗೋಣಿ ಸುತ್ತಿದ ಕೈಯಿಂದ ಬ್ಯಾಟರಿಯ ತಂತಿ ಎಳೆದು ತೆಗೆದರು. ಹೊಗೆ ನಿಂತಿತು.

ಅಂಗಡಿ ತೆರೆದ ಸುದ್ದಿ ಆಗಲೇ ಹಬ್ಬಿತ್ತು. ಹತ್ತಿ ವ್ಯಾಪಾರಿ ಇಬ್ಬರನ್ನು ಕಟ್ಟಿಕೊಂಡು ಬಂದರು.

"ಏ ಮಿಸ್ತ್ರಿ, ಬಾಗಲಾ ತಗಿ ಅಂತ ಯಾರ ಹೇಳಿದ್ರು ನಿನಗ? ಯಾರ ಗಾಡಿ ಸುಡಾಕ ಹತ್ತೀಯೋ ಇವತ್ತ?"

"ನಾ ತಗಸೇನ್ರಿ ಸಾವ್ಕಾರ್ರ" ಎಂದೆ. ಅವರು ಅಲ್ಲಿಯವರೆಗೆ ನನ್ನನ್ನು ಗಮನಿಸಿರಲಿಲ್ಲ. "ಅಮಾಸಿಗೆ ಗಾಡಿ ಬಾನೆಟ್ ತಗದು ತೊಳಸ್ತಿದ್ರೇನು?"

"ತೊಳಸದ ಪೂಜಿ ಹೆಂಗ ಮಾಡೂದವಾ? ನಮ್ಮ ತೋಟದ ಬೋರಿನ ನೀರಾಗ."

"ಸವಳ ನೀರೇನ್ರಿ?"

"ದನಾನೂ ಮೂಸೂದುಲ್ಲ. ಯಾಕ?"

ಗಲ್ಲಿಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ನನಗೆ ಗುಂಪಿನ ಮುಂದೆ ಮಾತಾಡುವ ರೂಢಿಯಿಲ್ಲ. "ನಾ ಬರದದ್ದು ತಪ್ಪಾಗೇತ್ರಿ. ಬೆಂಕಿ ಇವರ ಕೆಲಸದಿಂದ ಹತ್ತಿಲ್ಲ" ಎಂದೆ. ಇನ್ನೊಮ್ಮೆ ಹೇಳು ಎಂದು ಹಿಂದಿನವರು ಯಾರೋ ಅಂದರು. ಇನ್ನೊಮ್ಮೆ ಹೇಳಿದೆ. ವ್ಯಾಪಾರಿ ಕರಗಿದ ಕಪ್ಲರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬಾಯಿ ಮಾತು ಗಾಳ್ಯಾಗ ಹೋಗತಾವ. ಬರದ ಕೊಡು" ಎಂದು ಹೊರಟುಹೋದರು.

ಎಸ್‌ಟಿಡಿ ಬೂತಿನಿಂದ ಮ್ಯಾನೇಜರರ ಮನೆಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಹಂಗಾರ ತಪ್ಪು ಮಾಲಕರದು. ಇಂಜಿನ್ನಿಗೆ ಉಪ್ಪ ನೀರ ಹಾಕಿದ್ರ ಕಂಪನಿ ಏನ ಮಾಡಬೇಕು?"

"ಹಾಕಬ್ಯಾಡ್ರಿ ಅಂತ ನಾವು ಯಾರಿಗೂ ಹೇಳಿಲ್ಲ ಸರ್. ಕೊಟ್ಟ ಪುಸ್ತಕ ಇಂಗ್ಲಿಷಿನಾಗೈತಿ. ಅದರಾಗೂ ಆ ಮಾತಿಲ್ಲ. ಕಪ್ಲರ್ ಬಾಯಿ ಮ್ಯಾಲ ಮಾಡಿ, ರಬ್ಬರ್ ಇಲ್ಲದ ಕೂಡ್ಸ್ಯಾರ."

ಅವರು ದನಿ ತಗ್ಗಿಸಿ ಒಂದು ದಾರಿ ತೋರಿಸಿದರು. "ನೋಡ್ರಿ, ಕಾರಣ ಖಚಿತವಾಗಿಲ್ಲ ಅಂತ ಬರೀರಿ. ಮಿಸ್ತ್ರಿನೂ ಉಳೀತಾನ, ಕಂಪನಿನೂ ಉಳೀತೈತಿ, ನೀವೂ ಉಳೀತೀರಿ."

ಕೆಟ್ಟ ಮನುಷ್ಯರಲ್ಲ ಅವರು. ಆ ಮಾತು ಸಮಂಜಸವಾಗಿಯೂ ಕೇಳಿಸಿತು. ಭಾನುವಾರ ಪೂರ್ತಿ ನಾನು ಅದೇ ವಾಕ್ಯವನ್ನು ಬರೆದು ನೋಡಿದೆ. ಮೊದಲ ವರದಿಯ ಪಕ್ಕದಲ್ಲಿ ಇಟ್ಟು ಓದಿದೆ. ಒಂದು ಹಾಳೆ ಮಿಸ್ತ್ರಿ ತಪ್ಪಿತಸ್ಥ ಎನ್ನುತ್ತಿತ್ತು, ಇನ್ನೊಂದು ಗೊತ್ತಿಲ್ಲ ಎನ್ನುತ್ತಿತ್ತು. ಎರಡನ್ನೂ ಓದಿದವರು ಮೊದಲನೆಯದನ್ನೇ ನಂಬುತ್ತಾರೆ. ಇತ್ತ ಆ ದಿನ ನಾಲ್ಕೂ ಊರುಗಳಲ್ಲಿ ಪೂಜೆಯಾದ ಗಾಡಿಗಳ ಕಪ್ಲರುಗಳಲ್ಲಿ ನೀರು ಒಣಗುತ್ತಿತ್ತು.

ಆ ಹಾಳೆ ಹರಿದು ಹೊಸದು ಬರೆದೆ. ಮೊದಲ ವಾಕ್ಯ ಇದು: "ಈ ಹಿಂದೆ ನಾನು ಸಹಿ ಮಾಡಿ ಕೊಟ್ಟ ವರದಿಯ ನಿರ್ಣಯ ತಪ್ಪು." ಆಮೇಲೆ ಸುಡದ ಫ್ಯೂಜು, ಬಿಚ್ಚಿದ ಜೋಡು, ಅಳತೆಗಳು, ಕಪ್ಲರಿನ ಬಾಯಿ, ನೀರು. ಮ್ಯಾನೇಜರರಿಗೆ ಒಂದು ಪ್ರತಿ ತೆಗೆದಿಟ್ಟು, ಸೋಮವಾರ ಮೊದಲ ಬಸ್ಸಿಗೆ ರಾಮದುರ್ಗಕ್ಕೆ ಹೋದೆ.

ಠಾಣೆಯ ಬೆಂಚಿನ ಮೇಲೆ ಮಿಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು. ನನ್ನನ್ನು ನೋಡಿ ತಲೆಯಾಡಿಸಲಿಲ್ಲ. ಅಧಿಕಾರಿ ಎರಡೂ ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡರು.

"ಇದಕ್ಕೂ ನಿಮ್ದ ಸಹಿ, ಇದಕ್ಕೂ ನಿಮ್ದ ಸಹಿ. ಯಾವ್ದ ನಂಬ್ಲಿ ಮೇಡಂ?"

"ಎರಡನೇದ್ರಿ."

"ಯಾಕ? ನಾಳೆ ಮೂರನೇದು ತರೂದುಲ್ಲ ಅಂತ ಏನ ಗ್ಯಾರಂಟಿ?"

"ಮೊದಲನೇದ್ರಾಗ ನಾ ಏನ ನೋಡಿದ್ದೆ ಅದನ್ನ ಪೂರ್ತಿ ಬರದಿಲ್ರಿ. ಎರಡನೇದ್ರಾಗ ಬರದೇನಿ. ನನ್ನ ನೋಟುಪುಸ್ತಕನೂ ತಂದೇನಿ."

ಅವರು ಪುಸ್ತಕ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದರು. ಹಾರ್ನ್ ಲೈನಿನ ಗಾಜಿನ ಫ್ಯೂಜ್ ಸುಟ್ಟಿಲ್ಲ. ಬೆಂಚಿನ ಮೇಲೆ ಕುಳಿತವರಿಗೂ ಅದು ಕೇಳಿಸಿತು. ಪುಸ್ತಕ ತಮ್ಮ ಬಳಿಯೇ ಇಟ್ಟುಕೊಂಡು, "ಚಾಚಾ, ನೀವ ಮನಿಗೆ ಹೋಗ್ರಿ" ಎಂದರು.

ನನ್ನನ್ನು ಊರೂರು ತಿರುಗುವ ಕೆಲಸದಿಂದ ತೆಗೆದು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ತಿಂಗಳ ನಂತರ ಅದೇ ಉಗ್ರಾಣಕ್ಕೆ ಒಂದು ಪೆಟ್ಟಿಗೆ ಬಂತು. ತೆರೆದರೆ ಕಪ್ಲರಿಗೆ ಹಾಕುವ ರಬ್ಬರಿನ ಟೊಪ್ಪಿಗೆಗಳು. ಜೊತೆಯ ಚೀಟಿಯಲ್ಲಿ, ಬಾಯಿ ಕೆಳಗೆ ಮಾಡಿ ಕೂಡಿಸಬೇಕೆಂದು ಎರಡು ಸಾಲು. ಬೆಂಕಿ, ಮಿಸ್ತ್ರಿ, ಯಾವುದರ ಮಾತೂ ಅದರಲ್ಲಿರಲಿಲ್ಲ. ಎಣಿಸಿ ಕಪಾಟಿನಲ್ಲಿಟ್ಟೆ.

ಮರುವರ್ಷ ಮುರಗೋಡದ ಯಜಮಾನಿಯ ಗಾಡಿ ಸರ್ವಿಸಿಗೆ ಬೆಳಗಾವಿಗೆ ಬಂತು. "ಈಗ ಇಂಜಿನ್ನಿಗೆ ಬರೇ ಒದ್ದಿ ಅರಿವಿಲೆ ಒರಸೂದ್ರಿ, ಅದ ಜಳಕ" ಎಂದು ಡ್ರೈವರು ನಗುತ್ತಾ ಹೇಳಿದ. ಯಜಮಾನಿ ಕೊನೆಗೂ ಒಂದು ದೊಡ್ಡ ಹಾರ್ನು ಹಾಕಿಸಿದ್ದರು, ಬೈಲಹೊಂಗಲದಲ್ಲಿ, ಅದೇ ಅಂಗಡಿಯಲ್ಲಿ. ಬೋರ್ಡು ಮತ್ತೆ ಮೇಲೇರಿತ್ತಂತೆ.

ಚಾಚಾನ ಕೆಲಸ ನೋಡೋಣವೆಂದು ಬಾನೆಟ್ ಎತ್ತಿಸಿದೆ. ಹಳದಿ ಎಲ್ಲೂ ಕಾಣಲಿಲ್ಲ.

"ಹಳದಿ ಟೇಪ ಬಿಟ್ಟಾರ್ರಿ ಮೇಡಂ" ಎಂದ ಡ್ರೈವರು. "ಕೇಳಿದ್ರ, ಎಲ್ಲಾರೂ ಸುತ್ತೂದನ್ನ ನಾನೂ ಸುತ್ತತೇನಿ ಅಂದ್ರು."

ಹಾರ್ನಿನಿಂದ ಹಿಂದಕ್ಕೆ ತಂತಿಯ ಮೇಲೆ ಬೆರಳಾಡಿಸುತ್ತ ಹೋದೆ. ಎಲ್ಲ ಕಡೆ ಕರಿ ಟೇಪು, ಒಂದೇ ಸಮ, ಒಂದು ಸುತ್ತೂ ಸಡಿಲವಿಲ್ಲ. ಕಂಪನಿಯ ಜೋಡು ಯಾವುದು, ಅವರ ಜೋಡು ಯಾವುದು ಎಂದು ನನಗೆ ಗೊತ್ತಾಗಲಿಲ್ಲ.